ಸ್ಕ್ರಮ್: ಕೂಡಿ ದುಡಿಯುವ ಒಂದು ಕ್ರಮ

ಬೆಳಗಿನ ಎಂಟು ಗಂಟೆಗೆ ಆರ್. ವಿ. ರಸ್ತೆಯ ಮೆಟ್ರೋ ನಿಲ್ದಾಣದಲ್ಲಿ ನಿಂತು ನೋಡಿದರೆ, ಜಯನಗರ, ಬನಶಂಕರಿಗಳ ಮನೆಗಳಿಂದ ಹೊರಟ ತರುಣ ತರುಣಿಯರು ಬೊಮ್ಮಸಂದ್ರದ ಗಾಡಿಯನ್ನು ಹಿಡಿಯಲು ಅವಸರಪಡುವುದು ಕಾಣುತ್ತದೆ. ೨೦೨೫ರ ಆಗಸ್ಟಿನಲ್ಲಿ ಆರಂಭವಾದ ಈ ಹಳದಿ ಮಾರ್ಗವು ಬಿ.ಟಿ.ಎಂ. ಲೇಔಟನ್ನು ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತದೆ. ತಂತ್ರಾಂಶದ ಕೆಲಸಕ್ಕೆ ಹೋಗುವ ನನ್ನ ಅಕ್ಕನೂ ಇವರಲ್ಲೊಬ್ಬಳು. “ಸ್ಕ್ರಮ್ಮಿಗೆ ಹೊತ್ತಾಯಿತು” ಎಂಬುದು ಮನೆಯಲ್ಲಿ ಅವಳು ದಿನವೂ ಆಡುವ ಮಾತು. ಈ ಸ್ಕ್ರಮ್ ಎಂದರೇನು? ಕಲಾ ವಿದ್ಯಾರ್ಥಿಗಳಾದ ನಮಗೂ ಅದಕ್ಕೂ ಏನು ಸಂಬಂಧ? ಇದನ್ನು ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಸ್ಕ್ರಮ್ ಎಂಬುದು ರಗ್ಬಿ ಆಟದ ಮಾತು. ಎರಡು ಪಕ್ಷಗಳ ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ಗುಂಪುಗೂಡಿ ಚೆಂಡಿಗಾಗಿ ಒತ್ತುವುದಕ್ಕೆ ಈ ಹೆಸರು. ರಗ್ಬಿಯನ್ನು ಕಾಣದವರು ಕಬಡ್ಡಿಯಲ್ಲಿ ಕೈಕೈ ಹಿಡಿದು ಎದುರಾಳಿಯನ್ನು ಸುತ್ತುವರಿಯುವ ಸಾಲನ್ನು ನೆನೆಯಬಹುದು. ಜಪಾನಿನ ತಕೆಯೂಚಿ ಮತ್ತು ನೊನಾಕ ಎಂಬ ವಿದ್ವಾಂಸರು ೧೯೮೬ರ ಲೇಖನವೊಂದರಲ್ಲಿ, ಹೊಸ ಪದಾರ್ಥಗಳನ್ನು ರೂಪಿಸುವ ತಂಡಗಳನ್ನು ಈ ಆಟಕ್ಕೆ ಹೋಲಿಸಿದರು. ಅಮೆರಿಕದ ಜೆಫ್ ಸದರ್‌ಲೆಂಡ್ ಮತ್ತು ಕೆನ್ ಶ್ವೇಬರ್ ಎಂಬುವರು ತಂತ್ರಾಂಶದ ಕೆಲಸಕ್ಕೆ ಹೊಂದುವಂತೆ ಒಂದು ಪದ್ಧತಿಯನ್ನು ರೂಪಿಸಿ, ೧೯೯೫ರಲ್ಲಿ ವಿದ್ವತ್ಸಭೆಯ ಮುಂದಿಟ್ಟರು. ೨೦೦೧ರಲ್ಲಿ ಇವರಿಬ್ಬರೂ ಸೇರಿದಂತೆ ೧೭ ಮಂದಿ ಅಜೈಲ್ ಘೋಷಣೆಯನ್ನು ಹೊರಡಿಸಿದರು. ಅಜೈಲ್ ಎಂದರೆ ಚುರುಕಾದದ್ದು, ಸಂದರ್ಭಕ್ಕೆ ತಕ್ಕಂತೆ ತಿರುಗಬಲ್ಲದ್ದು ಎಂದರ್ಥ.

ಅದಕ್ಕೆ ಮೊದಲು ಬಹುವಾಗಿ ಬಳಕೆಯಲ್ಲಿದ್ದುದು ಮನೆ ಕಟ್ಟುವಂಥ ಕ್ರಮ. ಬೇಕಾದುದನ್ನೆಲ್ಲ ಮೊದಲೇ ಬರೆದುಕೊಳ್ಳುವುದು, ನಕ್ಷೆ ಹಾಕುವುದು, ಕಟ್ಟುವುದು, ಪರೀಕ್ಷಿಸುವುದು, ಕೊನೆಗೆ ಒಪ್ಪಿಸುವುದು. ಮನೆಯಾದರೆ ಗೋಡೆ ಏಳುವಾಗಲೇ ಸೊಟ್ಟ ಕಣ್ಣಿಗೆ ಬೀಳುತ್ತದೆ. ತಂತ್ರಾಂಶ ಹಾಗಲ್ಲ. ಬಳಸುವವನ ಕೈಗೆ ಬರುವವರೆಗೂ ಅದರ ದೋಷ ಅಡಗಿರಬಲ್ಲದು. ಆ ವೇಳೆಗೆ ಹಣವೂ ಕಾಲವೂ ಮುಗಿದಿರುತ್ತವೆ.

ಸ್ಕ್ರಮ್ ಇದಕ್ಕೆ ಹುಡುಕಿದ ಉಪಾಯವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ನಮ್ಮ ಕಾಲೇಜಿನ ಪುಸ್ತಕಭಂಡಾರಕ್ಕೆ ಕನ್ನಡದಲ್ಲಿಯೇ ಪುಸ್ತಕ ಹುಡುಕುವ ತಂತ್ರಾಂಶ ಬೇಕಾಗಿದೆ ಎನ್ನೋಣ. ಸಾಮಾನ್ಯವಾಗಿ ತಂಡದಲ್ಲಿ ಹತ್ತು ಮಂದಿಗೆ ಮೀರಬಾರದು. ಅವರಲ್ಲಿ ಒಬ್ಬರು ಪ್ರಾಡಕ್ಟ್ ಓನರ್. ಬೇಕಾದ ಕೆಲಸಗಳ ಪಟ್ಟಿಯನ್ನು ಇಟ್ಟುಕೊಂಡು, ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಣಯಿಸುವ ಹೊಣೆ ಇವರದು. ಈ ಪಟ್ಟಿಗೆ ಬ್ಯಾಕ್‌ಲಾಗ್ ಎಂದು ಹೆಸರು. ಇನ್ನೊಬ್ಬರು ಸ್ಕ್ರಮ್ ಮಾಸ್ಟರ್. ಇವರು ಮೇಸ್ತ್ರಿಯಲ್ಲ, ಕ್ರಮವನ್ನು ತಿಳಿಸಿಕೊಟ್ಟು ಅಡ್ಡಿಗಳನ್ನು ನಿವಾರಿಸತಕ್ಕವರು. ಉಳಿದವರು ಡೆವಲಪರ್‌ಗಳು. ಕೆಲಸವನ್ನು ಹೇಗೆ ಮಾಡಬೇಕೆಂಬ ತೀರ್ಮಾನ ಅವರದೇ.

ಕೆಲಸವು ಸ್ಪ್ರಿಂಟ್ ಎಂಬ ಕಂತುಗಳಲ್ಲಿ ನಡೆಯುತ್ತದೆ. ಒಂದು ಕಂತು ಒಂದು ತಿಂಗಳಿಗೆ ಮೀರದು. ನಮ್ಮ ತಂಡ ಎರಡು ವಾರವೆಂದು ಇಟ್ಟುಕೊಳ್ಳಲಿ. ಮೊದಲ ಕಂತಿಗೆ ಲೇಖಕನ ಹೆಸರಿನಿಂದ ಪುಸ್ತಕ ಹುಡುಕುವ ಕೆಲಸವೊಂದನ್ನೇ ಆರಿಸಿಕೊಳ್ಳುತ್ತಾರೆ. ದಿನಕ್ಕೊಮ್ಮೆ ಹದಿನೈದು ನಿಮಿಷ ಕೂಡಿ, ಗುರಿಯತ್ತ ಎಷ್ಟು ಸಾಗಿದ್ದೇವೆ, ತೊಡಕೇನು ಎಂದು ಮಾತನಾಡಿಕೊಳ್ಳುತ್ತಾರೆ. ಅಕ್ಕನ ‘ಸ್ಕ್ರಮ್ಮಿಗೆ ಹೊತ್ತಾಯಿತು’ ಎಂಬುದು ಈ ಸಭೆಯನ್ನು ಕುರಿತ ಮಾತು. ಕಂತಿನ ಕೊನೆಗೆ, ಆದಷ್ಟನ್ನು ಬಳಸುವವರ ಮುಂದಿಟ್ಟು ಅಭಿಪ್ರಾಯ ಕೇಳುತ್ತಾರೆ.

ಆಗ ಗ್ರಂಥಪಾಲಕರು ‘ಕುವೆಂಪು’ ಎಂದು ಬರೆದು ಹುಡುಕುತ್ತಾರೆ. ಒಂದು ಪುಸ್ತಕವೂ ಬರುವುದಿಲ್ಲ! ಹಳೆಯ ದಾಖಲೆಯಲ್ಲಿ ಇರುವುದು ‘ಪುಟ್ಟಪ್ಪ, ಕೆ. ವಿ.’ ಎಂದು. ಬೇಂದ್ರೆಯವರಿಗೆ ಅಂಬಿಕಾತನಯದತ್ತ, ಮಾಸ್ತಿಯವರಿಗೆ ಶ್ರೀನಿವಾಸ ಎಂಬ ಕಾವ್ಯನಾಮಗಳುಂಟಷ್ಟೆ. ತಂತ್ರಾಂಶದವರಿಗೆ ಇದು ಹೊಳೆದಿರಲಿಲ್ಲ. ಆದರೆ ನಷ್ಟವಾದುದು ಎರಡೇ ವಾರ. ಕಾವ್ಯನಾಮಗಳನ್ನು ಜೋಡಿಸುವ ಕೆಲಸ ಪಟ್ಟಿಯ ತಲೆಗೆ ಏರುತ್ತದೆ. ವರ್ಷದ ಕೊನೆಗೆ ತಿಳಿದಿದ್ದರೆ ಗತಿಯೇನಾಗುತ್ತಿತ್ತು? ಬಳಿಕ ತಂಡದವರು ತಮ್ಮೊಳಗೆ ಕುಳಿತು, ನಾವು ದುಡಿದ ರೀತಿಯಲ್ಲಿ ಏನನ್ನು ತಿದ್ದಿಕೊಳ್ಳಬೇಕು ಎಂದು ಚರ್ಚಿಸಿ ಕಂತನ್ನು ಮುಗಿಸುತ್ತಾರೆ.

ಹೀಗೆಂದಮಾತ್ರಕ್ಕೆ ಎಲ್ಲವೂ ಸುಗಮವೆಂದಲ್ಲ. ಅಕ್ಕ ಮೊದಲು ದುಡಿಯುತ್ತಿದ್ದ ಕಚೇರಿಯಲ್ಲಿ ಆ ಹದಿನೈದು ನಿಮಿಷವು ಒಂದು ಗಂಟೆಯ ವಿಚಾರಣೆಯಾಗಿತ್ತಂತೆ. ಮೇಲಧಿಕಾರಿ ಒಬ್ಬೊಬ್ಬರನ್ನೂ ನಿಲ್ಲಿಸಿ ಲೆಕ್ಕ ಕೇಳುತ್ತಿದ್ದರು. “ತೊಡಕಿದೆ ಎಂದರೆ ದಡ್ಡಿ ಎನ್ನುತ್ತಾರೆ. ಅದಕ್ಕೇ ಎಲ್ಲರೂ ‘ಸರಿಯಾಗಿದೆ’ ಎಂದುಬಿಡುತ್ತಿದ್ದೆವು, ಕಣೋ” ಎಂದು ಅವಳು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದಳು. ಅಲ್ಲಿ ಹೆಸರು ಸ್ಕ್ರಮ್, ನಡೆದದ್ದು ಹಾಜರಿ. ದೋಷವನ್ನು ಬೇಗ ಕಾಣುವುದೇ ಈ ಪದ್ಧತಿಯ ಜೀವಾಳ. ದೋಷವನ್ನು ಹೇಳಲು ಹೆದರಬೇಕಾದ ಕಡೆ ಪಟ್ಟಿಯಿದ್ದೇನು, ಕಂತಿದ್ದೇನು ಫಲ?

ಆದುದರಿಂದ ಸ್ಕ್ರಮ್ಮಿನ ತಿರುಳು ಯಂತ್ರದಲ್ಲಿಲ್ಲ, ಮನುಷ್ಯರ ನಂಬಿಕೆಯಲ್ಲಿದೆ ಎಂದು ನನಗೆ ತೋರುತ್ತದೆ. ಬಳಸುವವರ ಮಾತನ್ನು ತಾಳ್ಮೆಯಿಂದ ಕೇಳುವುದು, ಅದನ್ನು ಸ್ಪಷ್ಟವಾಗಿ ಬರೆಯುವುದು, ಮುಖ್ಯ ಯಾವುದು ಅಮುಖ್ಯ ಯಾವುದು ಎಂದು ವಿವೇಚಿಸುವುದು ಭಾಷೆ, ಚರಿತ್ರೆ, ಸಮಾಜಶಾಸ್ತ್ರಗಳು ಕಲಿಸುವ ವಿದ್ಯೆಯೇ ಆಗಿದೆ. ತಂತ್ರಾಂಶದ ಲೋಕ ನಮ್ಮದಲ್ಲವೆಂದು ನಾವು ದೂರ ನಿಲ್ಲಬೇಕಾಗಿಲ್ಲ. ಕುವೆಂಪು ಯಾರೆಂದು ಬಲ್ಲವನೊಬ್ಬನು ಆ ತಂಡದಲ್ಲಿ ಮೊದಲೇ ಇದ್ದಿದ್ದರೆ, ಆ ಎರಡು ವಾರವೂ ಉಳಿಯುತ್ತಿತ್ತು.