ತಿರುವಿನ ಕಸದ ರಾಶಿ

‘ಇಲ್ಲಿ ಕಸ ಹಾಕಬಾರದು’ ಎಂಬ ಫಲಕದ ಬುಡದಲ್ಲೇ ಕಸ ಬಿದ್ದಿರುವುದನ್ನು ನೋಡದವರು ಯಾರು? ಇದು ಕೇವಲ ಕಣ್ಣಿಗೆ ಅಸಹ್ಯವೆನಿಸುವ ಸಂಗತಿಯಲ್ಲ. ಕೊಳೆತ ಆಹಾರಕ್ಕೆ ನೊಣ, ನಾಯಿ, ಇಲಿಗಳು ಬರುತ್ತವೆ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಗುಲಿದರೆ ಇಲಿಜ್ವರ ಬರಬಹುದು. ಎಳನೀರಿನ ಬುರುಡೆ, ಹಳೆಯ ಟೈರು, ಪ್ಲಾಸ್ಟಿಕ್ ಲೋಟಗಳಲ್ಲಿ ನಿಂತ ಮಳೆನೀರಿನಲ್ಲಿ ಡೆಂಗೆ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರ ಹತ್ತು ದಿನಗಳಲ್ಲಿ ಅದು ಹಾರುವ ಸೊಳ್ಳೆಯಾಗುತ್ತದೆ.

ಇಂಥ ರಾಶಿಯನ್ನು ನಗರಪಾಲಿಕೆಯೊಂದು ಹೇಗೆ ಎದುರಿಸಬಹುದು ಎಂಬುದಕ್ಕೆ ಗುಜರಾತಿನ ಸೂರತ್ ಒಳ್ಳೆಯ ಉದಾಹರಣೆ. 1994ರ ಸೆಪ್ಟೆಂಬರಿನಲ್ಲಿ, ಮಳೆ-ನೆರೆಯ ಬೆನ್ನಿಗೇ ಅಲ್ಲಿ ಪ್ಲೇಗಿನ ಭೀತಿ ಹಬ್ಬಿ ಲಕ್ಷಾಂತರ ಜನ ಊರು ಬಿಟ್ಟರು. ತೆಗೆಯದೆ ಬಿಟ್ಟ ಕಸ, ಕಟ್ಟಿಕೊಂಡ ಚರಂಡಿ ಆ ಊರಿನ ಹಳೆಯ ಕಾಯಿಲೆಯಾಗಿದ್ದವು. 1995ರಲ್ಲಿ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ನಗರವನ್ನು ಆರು ವಲಯಗಳಾಗಿ ವಿಂಗಡಿಸಿ, ವಲಯದ ಅಧಿಕಾರಿಗಳಿಗೆ ಸ್ಥಳದಲ್ಲೇ ತೀರ್ಮಾನಿಸುವ ಅಧಿಕಾರ ಕೊಟ್ಟರು. ಅಧಿಕಾರಿಗಳು ದಿನವೂ ಬೀದಿಗಿಳಿಯಬೇಕಾಯಿತು. ಮುಖ್ಯ ರಸ್ತೆಗಳನ್ನು ರಾತ್ರಿಯೂ ಗುಡಿಸತೊಡಗಿದರು. ಕಸ ಎಸೆದವರಿಂದ ದಂಡ ವಸೂಲಾಯಿತು. ಹೋಟೆಲು, ಅಂಗಡಿಗಳಿಗೂ ವಿನಾಯಿತಿ ಇರಲಿಲ್ಲ. ಎರಡು ವರ್ಷ ತುಂಬುವುದರೊಳಗೆ ಸೂರತ್ತಿನ ಹೆಸರು ದೇಶದ ಸ್ವಚ್ಛ ನಗರಗಳ ಸಾಲಿಗೆ ಸೇರಿತು.

ಜನರ ನೆನಪಿನಲ್ಲಿ ಉಳಿಯುವುದು ದಂಡ. ಆದರೆ ದಂಡದ ಹಿಂದೆ ದಿನನಿತ್ಯ ತಪ್ಪದೆ ಕಸ ಎತ್ತುವ ವ್ಯವಸ್ಥೆ ಇತ್ತೆಂಬುದೇ ಮುಖ್ಯ. ಮನೆಯವರೆಲ್ಲ ಎಂಟಕ್ಕೆ ಕೆಲಸಕ್ಕೆ ಹೊರಟ ಮೇಲೆ ಒಂಬತ್ತಕ್ಕೆ ಕಸದ ಗಾಡಿ ಬಂದರೆ, ಆ ಚೀಲ ರಾತ್ರಿ ಸ್ಕೂಟರಿನಲ್ಲಿ ತಿರುವಿಗೆ ಹೋಗುತ್ತದೆ. ಗಾಡಿಯ ವೇಳೆ ಬದಲಾಯಿಸದೆ ದಂಡ ಹಾಕಿದರೆ ರಾಶಿ ಪಕ್ಕದ ಬೀದಿಗೆ ಸರಿಯುತ್ತದೆ, ಅಷ್ಟೆ.

ನಮ್ಮಲ್ಲೂ ಪ್ರಯತ್ನಗಳು ನಡೆದಿವೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ, ಖಾಲಿ ನಿವೇಶನಗಳಿಗೆ 2,000 ರೂಪಾಯಿ ದಂಡ ಗೊತ್ತುಮಾಡಿತು. 2025ರಲ್ಲಿ ಬೆಂಗಳೂರಿನಲ್ಲಿ ಬೀದಿಗೆ ಕಸ ಎಸೆದವರ ಮನೆ ಬಾಗಿಲಿಗೇ ಕಸ ಸುರಿದು ಬಂದರು. ಸುದ್ದಿಗೇನೋ ಸೊಗಸು, ಆ ಕಸವನ್ನು ಮತ್ತೆ ಎತ್ತಿದವರೂ ಪೌರಕಾರ್ಮಿಕರೇ ಅಲ್ಲವೆ?

ನಿಮ್ಮ ತಿರುವಿನಲ್ಲಿ ರಾಶಿಯಿದ್ದರೆ, ಗಾಡಿ ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಮನೆಗಳಿಗೆ ಆ ವೇಳೆ ಹೊಂದುವುದಿಲ್ಲ ಎಂದು ಬರೆದು, ನಾಲ್ಕಾರು ಮನೆಯವರು ಸಹಿ ಹಾಕಿ, ನಗರಸಭೆಯ ಆರೋಗ್ಯ ನಿರೀಕ್ಷಕರಿಗೆ ಕೊಡಿ. ಗಾಡಿ ಬಾರದ ದಿನ ಒಣಕಸ ಮನೆಯಲ್ಲೇ ಇರಲಿ, ಅದರಿಂದ ತೊಂದರೆಯಿಲ್ಲ. ಹಸಿಕಸವನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ರಾಶಿಗೆ ಬೆಂಕಿ ಮಾತ್ರ ಹಚ್ಚಬೇಡಿ: ಪ್ಲಾಸ್ಟಿಕ್ಕಿನ ಹೊಗೆ ವಿಷಕಾರಿ, ದಮ್ಮಿನ ರೋಗಿಗಳಿಗೆ ಮತ್ತು ಮಕ್ಕಳಿಗೆ ಅದು ಬಹಳ ಕೆಟ್ಟದ್ದು. ಬ್ಲೇಡು, ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಬೇರೆಯಾಗಿಯೇ ಗಾಡಿಯವರ ಕೈಗೆ ಕೊಡಿ. ಒಳಗೆ ಏನಿದೆ ಎಂದು ಬಾಯಲ್ಲೂ ಹೇಳಿ.