ಮನೆಗೊಂದು ಕೋವಿ: ಆರಿಸುವ ಮೊದಲು ತಿಳಿಯತಕ್ಕ ಸಂಗತಿಗಳು

ನಮ್ಮ ಕಾಸರಗೋಡು ಸೀಮೆಯಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡಿರುವುದಿಲ್ಲ. ಗುಡ್ಡೆಯ ಬುಡದಲ್ಲಿ ಒಂದು ಮನೆ, ಅದರ ಮುಂದೆ ಅಡಕೆ ತೋಟ. ಕೂಗಿದರೂ ಕೇಳಿಸದಷ್ಟು ದೂರದಲ್ಲಿ ಮತ್ತೊಂದು ಮನೆ. ಮಕ್ಕಳು ಪರವೂರಿನಲ್ಲಿ ಕೆಲಸಕ್ಕಿದ್ದು, ವಯಸ್ಸಾದವರಿಬ್ಬರೇ ಉಳಿದಿರುವ ಮನೆಗಳೂ ಇವೆ. ರಾತ್ರಿ ನಾಯಿ ಬೊಗಳಿದರೆ ಬಂದದ್ದು ಹಂದಿಯೋ ಕಳ್ಳನೋ ತಿಳಿಯದು. ಆದುದರಿಂದಲೇ "ಮಾಷ್ಟ್ರೇ, ಒಂದು ಕೋವಿ ತೆಗೆದುಕೊಳ್ಳುವುದಾದರೆ ಯಾವುದು ಒಳ್ಳೆಯದು?" ಎಂದು ಕೇಳುವವರು ಅನೇಕರು. ಈ ವಾರ ಆ ಪ್ರಶ್ನೆಯನ್ನೇ ಪಾಠವಾಗಿ ತೆಗೆದುಕೊಳ್ಳೋಣ.

1. ಕೋವಿ ಬೇಕೇ?

ಮನೆಯ ಕಾವಲಿಗೆ ಮೊದಲು ಬೇಕಾದದ್ದು ಗಟ್ಟಿಯಾದ ಬಾಗಿಲು, ಒಳಗಿನಿಂದ ಹಾಕುವ ಭದ್ರವಾದ ಅಗುಳಿ, ಅಂಗಳಕ್ಕೆ ಬೆಳಕು, ಒಂದು ನಾಯಿ, 112ಕ್ಕೆ ಕರೆಮಾಡಲು ಕೈಗೆ ಸಿಗುವಂತೆ ಒಂದು ಫೋನು. ಇವಿಷ್ಟೂ ಇಲ್ಲದ ಮನೆಗೆ ಕೋವಿ ಬಂದರೆ ಕಳ್ಳನಿಗೆ ಕದಿಯಲು ಇನ್ನೊಂದು ವಸ್ತು ಸಿಕ್ಕಿದಂತಾದೀತು. ಕುಡಿತದ ಚಟವುಳ್ಳವರು, ಮುಂಗೋಪಿಗಳು, ಮನಸ್ಸು ಕೆಟ್ಟು ಬದುಕಿನಲ್ಲಿ ಬೇಸತ್ತವರು ಮನೆಯಲ್ಲಿದ್ದರೆ ಕೋವಿಯ ಯೋಚನೆಯನ್ನೇ ಬಿಡುವುದು ಲೇಸು. ಕೋವಿಗೆ ಹೊರಗಿನವರು, ಮನೆಯವರು ಎಂಬ ಭೇದ ತಿಳಿಯದು.

2. ಕೋವಿಯ ಬಗೆಗಳು

ನಮ್ಮ ಕಡೆ ಕಾಣಸಿಗುವ ಕೋವಿಗಳು ಮುಖ್ಯವಾಗಿ ಎರಡು ಬಗೆ. ಒಂದು ಕೇಪಿನ ಕೋವಿ. ಇದಕ್ಕೆ ಬಾಯಿಯ ಕಡೆಯಿಂದ ಮದ್ದು, ನಾರು, ಚರೆ ಇವನ್ನು ಹಾಕಿ ಗಜದಿಂದ ಜಡಿಯಬೇಕು. ಇನ್ನೊಂದು ತೋಟೆಯ ಕೋವಿ. ನಳಿಗೆಯನ್ನು ಹಿಂಬದಿಯಲ್ಲಿ ಮಡಚಿ ತೋಟೆಯನ್ನು ಇಡುವುದು ಇದರ ಕ್ರಮ. ಇದರಲ್ಲಿ ಒಂಟಿನಳಿಗೆ, ಜೋಡುನಳಿಗೆ ಎಂದು ಎರಡು ವಿಧ. ತೋಟೆಯ ಕೋವಿಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 12 ಬೋರು. ಒಂದು ಪೌಂಡು ಸೀಸದಿಂದ 12 ಸಮನಾದ ಗುಂಡುಗಳನ್ನು ಮಾಡಿದರೆ ಅವುಗಳಲ್ಲಿ ಒಂದು ಗುಂಡು ಹಿಡಿಸುವಷ್ಟು ಅಗಲದ ನಳಿಗೆ ಎಂಬುದು ಆ ಅಂಕಿಯ ಅರ್ಥ. ಅಂದರೆ ಸುಮಾರು ಹದಿನೆಂಟೂವರೆ ಮಿಲಿಮೀಟರು. ರಿವಾಲ್ವರು ಮೂರನೆಯ ಬಗೆ. ಅದು ಗಿಡ್ಡವಾದುದರಿಂದ ಗಾಬರಿಯಲ್ಲಿ ಅದರ ಬಾಯಿ ಎತ್ತ ಬೇಕಾದರೂ ತಿರುಗುತ್ತದೆ. ನಿತ್ಯದ ಅಭ್ಯಾಸವಿಲ್ಲದ ಕೃಷಿಕನಿಗೆ ಅದು ಹೇಳಿದ ವಸ್ತುವಲ್ಲ.

3. ಯಾವುದನ್ನು ಆರಿಸಬೇಕು?

ಇಲ್ಲಿ ನಾವು ಒತ್ತಿ ಹೇಳುವ ಮಾತು ಒಂದೇ: ತುಂಬಿದೆಯೋ ಬರಿದಾಗಿದೆಯೋ ಎಂಬುದು ಕಣ್ಣಿಗೆ ಕಾಣುವ ಕೋವಿಯೇ ಮನೆಗೆ ತಕ್ಕ ಕೋವಿ.

ಕೇಪಿನ ಕೋವಿಗೆ ಬೆಲೆ ಕಡಿಮೆ, ರಿಪೇರಿಯೂ ಸುಲಭ. ಆದರೆ ಅದಕ್ಕೆ ಒಮ್ಮೆ ಮದ್ದು ತುಂಬಿದರೆ ತೆಗೆಯುವುದು ತೊಡಕಿನ ಕೆಲಸ. ಹಾರಿಸಿಯೇ ಖಾಲಿಮಾಡಬೇಕೆಂದು ಹೆಚ್ಚಿನವರು ಹಾಗೆಯೇ ತೂಗುಹಾಕುತ್ತಾರೆ. ಹೊರಗಿನಿಂದ ನೋಡಿದರೆ ತುಂಬಿದ್ದೂ ಬರಿದೂ ಒಂದೇ ತೆರ. ಅಪಾಯ ಇರುವುದು ಇಲ್ಲಿಯೇ. ಅಲ್ಲದೆ ಆಟಿ ತಿಂಗಳ ತೇವಕ್ಕೆ ಮದ್ದು ಹಸಿಯಾಗಿ, ಬೇಕಾದಾಗ ಹಾರದೆ ಹೋಗುವುದೂ ಉಂಟು. ತೋಟೆಯ ಕೋವಿಯಾದರೆ ಮಡಚಿ ನೋಡಿದ ಕ್ಷಣದಲ್ಲಿ ನಳಿಗೆಯ ಈ ತುದಿಯಿಂದ ಆ ತುದಿಗೆ ಬೆಳಕು ಕಾಣುತ್ತದೆ. ಮಗುವಿಗೂ ಅರ್ಥವಾಗುವಷ್ಟು ಸ್ಪಷ್ಟವಾದ ಪರೀಕ್ಷೆ ಇದು.

ಒಂಟಿನಳಿಗೆ ಹಗುರ, ಅಗ್ಗ. ಜೋಡುನಳಿಗೆಯಲ್ಲಿ ಎರಡನೆಯ ಈಡು ಕೂಡಲೇ ಸಿಗುತ್ತದೆ. ಒಂದು ನಳಿಗೆ ಕೈಕೊಟ್ಟರೂ ಇನ್ನೊಂದಿದೆ. ಹಳೆಯ ಕೋವಿಯನ್ನು ಕೊಳ್ಳುವುದಾದರೆ ನಳಿಗೆಯ ಒಳಗೆ ತುಕ್ಕಿನ ಹೊಂಡಗಳಿವೆಯೇ, ಮಡಚುವ ಕೀಲು ಅಲುಗುತ್ತದೆಯೇ, ಎತ್ತಿದ ಕುದುರೆ ತಾನಾಗಿ ಬೀಳುತ್ತದೆಯೇ ಎಂದು ಬಲ್ಲವರಿಂದ ನೋಡಿಸಬೇಕು. ಹಿಡಿ ನಮ್ಮ ತೋಳಿಗೆ ಹೊಂದಬೇಕು. ಬರಿದಾದ ಕೋವಿಯ ಹಿಡಿಯ ತುದಿಯನ್ನು ಮಡಚಿದ ಮೊಣಕೈಯ ಒಳಬದಿಗೆ ಇಟ್ಟಾಗ ಬೆರಳು ಆಯಾಸವಿಲ್ಲದೆ ಟ್ರಿಗರಿಗೆ ಎಟಕುವುದಾದರೆ ಅಳತೆ ಸುಮಾರಾಗಿ ಸರಿ.

ತೋಟೆಯ ಆಯ್ಕೆಯೂ ಮುಖ್ಯ. ಬಿಡಿಗುಂಡು ಅರ್ಧ ಮೈಲಿಗೂ ಮೀರಿ ಹೋಗಬಲ್ಲದು. ದಪ್ಪ ಚರೆಯ ತೋಟೆ ಹಲಗೆಯ ಬಾಗಿಲನ್ನು ತೂರಿ ಆಚೆ ಮಲಗಿದವರಿಗೆ ತಾಗೀತು. ಗುರಿಯ ಹಿಂದೆ ಏನಿದೆ, ಯಾರಿದ್ದಾರೆ ಎಂದು ತಿಳಿಯದೆ ಹಾರಿಸಕೂಡದು.

4. ಪರವಾನಿಗೆ

1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು 2016ರ ನಿಯಮಗಳು ಕೇರಳಕ್ಕೂ ಕರ್ನಾಟಕಕ್ಕೂ ಒಂದೇ. ಕೊಡಗಿನವರಿಗಿರುವ ವಿಶೇಷ ವಿನಾಯಿತಿ ನಮಗೆ ಅನ್ವಯಿಸದು. ಕಾಯಿದೆಯ 13ನೆಯ ಕಲಮಿನಲ್ಲಿ ರಕ್ಷಣೆಗಾಗಿ 20 ಇಂಚಿಗೆ ಕಡಿಮೆಯಿಲ್ಲದ ನಯನಳಿಗೆಯ ಕೋವಿಯನ್ನೂ, ಬೆಳೆಯ ರಕ್ಷಣೆಗಾಗಿ ಕೇಪಿನ ಕೋವಿಯನ್ನೂ ಹೇಳಿದೆ. ಬೆಳೆಗೆ ಕೇಪಿನ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೂ ಪರವಾನಿಗೆ ಕೊಡಬಹುದು. ಆದುದರಿಂದ ಅರ್ಜಿಯಲ್ಲಿ ಕಾರಣವನ್ನು ವಿವರವಾಗಿ ಬರೆಯತಕ್ಕದ್ದು.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಪೋಲೀಸರ ವರದಿ ಆಗಬೇಕು. ಕೋವಿ ಬಳಸುವ ತರಬೇತಿಯೂ ಆಗಬೇಕು. 2019ರ ತಿದ್ದುಪಡಿಯ ಅನಂತರ ಪರವಾನಿಗೆಯ ಅವಧಿ 5 ವರ್ಷ. ಒಬ್ಬನಲ್ಲಿ ಇರಬಹುದಾದ ಕೋವಿಗಳು ಎರಡು.

ಗಡಿಯಲ್ಲಿರುವ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಪರವಾನಿಗೆ ಯಾವ ಪ್ರದೇಶಕ್ಕೆ ಸಲ್ಲುತ್ತದೆಂದು ಅದರಲ್ಲೇ ಬರೆದಿರುತ್ತದೆ. ಪುತ್ತೂರಿನಲ್ಲೋ ಸುಳ್ಯದಲ್ಲೋ ಇರುವ ತಂಗಿಯ ತೋಟಕ್ಕೆ ಹಂದಿ ಬಂತೆಂದು ಕೋವಿ ಹೊತ್ತು ಗಡಿ ದಾಟಿದರೆ, ಪರವಾನಿಗೆ ಆ ಕಡೆಗೆ ಸಲ್ಲದಿದ್ದಲ್ಲಿ ಅದು ಅಪರಾಧ. ಷರತ್ತುಗಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಬಲ್ಲವರಿಂದ ಓದಿಸಿ ತಿಳಿದುಕೊಳ್ಳಬೇಕು. ಅಜ್ಜ ತೀರಿಕೊಂಡರೆ ಅವರ ಕೋವಿ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಠಾಣೆಗೆ ತಿಳಿಸಿ ಒಪ್ಪಿಸಿ, ಅನಂತರ ತನ್ನ ಹೆಸರಿಗೆ ಅರ್ಜಿ ಹಾಕಬೇಕು. ಪರವಾನಿಗೆ ಇಲ್ಲದ ಕೋವಿಗೆ ಜೈಲುಶಿಕ್ಷೆಯುಂಟು. ಚುನಾವಣೆಯ ಕಾಲದಲ್ಲಿ ಠಾಣೆಯಲ್ಲಿಡಲು ಆಜ್ಞೆಯಾದರೆ ಇಟ್ಟು ರಶೀದಿ ಪಡೆಯಬೇಕು.

5. ಇಡುವ ಕ್ರಮ

ಕೋವಿ ಬರಿದಾಗಿರಬೇಕು, ಬೀಗ ಹಾಕಿದ ಗಟ್ಟಿ ಕಪಾಟಿನಲ್ಲಿರಬೇಕು. ತೋಟೆಗಳು ಬೇರೊಂದು ಬೀಗದ ಒಳಗೆ, ತೇವ ತಾಗದಂತೆ ಇರಬೇಕು. ಕೀಲಿಕೈ ಪರವಾನಿಗೆದಾರನ ಕೈಯಲ್ಲಿ ಮಾತ್ರ. ಚಾವಡಿಯ ಗೋಡೆಗೆ ತೂಗುಹಾಕುವುದು ಮನೆತನಕ್ಕೆ ಶೋಭೆಯೆಂದು ಹಿರಿಯರು ತಿಳಿದಿದ್ದರು. ಶಾಲೆಯಿಂದ ಬಂದ ಹುಡುಗರಿಗೆ ಅದು ಆಟದ ಸಾಮಾನು. ಈಡು ಹಾರದಿದ್ದರೆ ನಳಿಗೆಯನ್ನು ನಿರಪಾಯವಾದ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು, ಆಮೇಲೆ ಮಡಚಬೇಕು.

6. ಹಾರಿಸುವ ಹಕ್ಕು ಎಷ್ಟು?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವ ಹಕ್ಕು ಯಾರಿಗೂ ಇಲ್ಲ. ಪ್ರಾಣಾಪಾಯವಿದ್ದಾಗ, ದರೋಡೆಯಾಗುವಾಗ, ರಾತ್ರಿ ಮನೆ ಮುರಿದು ನುಗ್ಗಿದಾಗ ಹಕ್ಕು ದೊಡ್ಡದು. ಆದರೆ ಅಂಗಳದ ಅಡಕೆ ಕದ್ದು ಓಡುವವನ ಬೆನ್ನಿಗೆ ಹಾರಿಸಿದರೆ ಅದು ರಕ್ಷಣೆಯಾಗದು, ಹಾರಿಸಿದವನೇ ಅಪರಾಧಿಯಾಗುತ್ತಾನೆ.

ಹಂದಿಯ ವಿಷಯದಲ್ಲೂ ಕಾಯಿದೆಯ ಬೇಲಿಯಿದೆ. ಕೋವಿಗೆ ಪರವಾನಿಗೆ ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಕೊಲ್ಲಲು ಅನುಮತಿ ಇದ್ದಂತಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇರೆ ಅಪ್ಪಣೆ ಬೇಕು. ಕೃಷಿನಾಶ ಮಾಡುವ ಕಾಡುಹಂದಿಗಳನ್ನು ಪರವಾನಿಗೆಯುಳ್ಳ ಕೋವಿದಾರರಿಂದ ಕೊಲ್ಲಿಸಲು ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ಆ ವ್ಯವಸ್ಥೆ ಜಾರಿಯಲ್ಲಿದೆಯೇ, ಅದರ ಷರತ್ತುಗಳೇನು ಎಂದು ಪಂಚಾಯತಿನಲ್ಲಿ ಕೇಳಿಯೇ ಮುಂದುವರಿಯಬೇಕು. ವಿಷ, ಸ್ಫೋಟಕ, ಕರೆಂಟು ಇವು ಕೂಡವು. ಹಂದಿಯ ದಾರಿಗೆ ದಾರ ಬಿಗಿದು ಕೋವಿ ಕಟ್ಟಿಡುವುದಂತೂ ಘೋರ. ಆ ದಾರಿಯಲ್ಲಿ ಹುಲ್ಲು ತರುವ ಹೆಂಗಸರೂ ನಡೆಯುತ್ತಾರೆ.

ಮನನಕ್ಕೆ

ಕೋವಿ ಕೊಳ್ಳುವ ಮೊದಲು ಮನೆಮಂದಿಯೆಲ್ಲ ಕುಳಿತು ಈ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಿರಿ:

ಬಾಗಿಲು, ಬೆಳಕು, ನಾಯಿ, ಫೋನು ಇವೆಯೇ?
ಕೋವಿ ಬರಿದೆಂದು ನೋಡಿದೊಡನೆ ತಿಳಿಯುವುದೇ?
ಬೀಗದ ಕಪಾಟು ಕೋವಿಗಿಂತ ಮೊದಲೇ ಬಂದಿದೆಯೇ?
ಕೀಲಿಕೈ ಯಾರಲ್ಲಿ?
ಪರವಾನಿಗೆ ಯಾವ ಪ್ರದೇಶಕ್ಕೆ, ಯಾವ ಉದ್ದೇಶಕ್ಕೆ, ಎಂದಿನವರೆಗೆ?

ಐದಕ್ಕೂ ತಕ್ಕ ಉತ್ತರ ದೊರೆತರೆ ಅರ್ಜಿ ಬರೆಯಬಹುದು. ಒಂದಕ್ಕೆ ಉತ್ತರ ತಪ್ಪಿದರೂ ಆ ಹಣವನ್ನು ಬಾಗಿಲಿಗೆ, ತೋಟದ ಬೇಲಿಗೆ ಹಾಕುವುದೇ ಜಾಣತನ.