ಮೆಮೊರಿ ಕಾರ್ಡ್ ಕೊಂಡ ದಿನವೇ ತುಂಬಿಸಿ ನೋಡಿ, ಬಿಲ್ಲು ಎತ್ತಿಡಿ

ಮೈಮೇಲೆ 64 ಜಿಬಿ ಎಂದು ಬರೆದ ಮೆಮೊರಿ ಕಾರ್ಡಿನೊಳಗೆ 8 ಜಿಬಿಯ ಚಿಪ್ಪೇ ಇರಬಹುದು. ನಕಲಿ ಮಾಡುವವರು ಕಾರ್ಡಿನ ಕಂಟ್ರೋಲರಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಫೋನಿಗೆ ಹಾಕಿದರೂ ಕಂಪ್ಯೂಟರಿಗೆ ಹಾಕಿದರೂ 64 ಎಂದೇ ತೋರಿಸುತ್ತದೆ. ಮೊದಲ ಸಾವಿರ ಹಾಡು ಚೆನ್ನಾಗಿಯೇ ಕೇಳುತ್ತವೆ. ನಿಜವಾದ ಅಳತೆ ದಾಟಿದ ಮೇಲೆ ಹೊಸ ಹಾಡು ಹಳೆಯದರ ಮೇಲೆ ಕೂರುತ್ತದೆ, ಇಲ್ಲವೇ ಎಲ್ಲಿಯೂ ಉಳಿಯುವುದಿಲ್ಲ. ಪಟ್ಟಿಯಲ್ಲಿ ಹೆಸರಿರುತ್ತದೆ, ಒತ್ತಿದರೆ ಸದ್ದಿಲ್ಲ.

ಕಂಪ್ಲಿಯ ಗದ್ದೆ ಬದುವಿನ ಸ್ಪೀಕರಿಗೋ ಸಂಡೂರಿನ ಅದಿರು ಲಾರಿಯ ಪ್ಲೇಯರಿಗೋ ಕೊಂಡ ಕಾರ್ಡು ಹೀಗೆ ಕೈಕೊಡುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಸೆಕ್ಷನ್ 2(47) ಪ್ರಕಾರ ದೋಷವಿರುವ ಮಾಲನ್ನು ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಆದರೆ ಅದಕ್ಕೆ ಹೇಳಿರುವ ಕಾಲ ಬಿಲ್ಲಿನಲ್ಲಿ ನಮೂದಿಸಿದ ಅವಧಿ, ನಮೂದಿಸದಿದ್ದರೆ 30 ದಿನ. ಕಾರ್ಡಿನ ಸುಳ್ಳು ನಿಧಾನವಾಗಿ ಹೊರಬೀಳುತ್ತದೆ, ಅಂಗಡಿಯವನ ಗಡುವು ಬೇಗ ಮುಗಿಯುತ್ತದೆ. ಅದಕ್ಕೇ ಹಾಡು ತುಂಬುವ ಮೊದಲೇ ಪರೀಕ್ಷೆ ಮಾಡಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್‌3 ಎಂಬ ಉಚಿತ ತಂತ್ರಾಂಶಗಳಿವೆ. ಇವು ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದನ್ನೆಲ್ಲ ಓದಿ ತಾಳೆ ನೋಡುತ್ತವೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಪರಿಚಯದ ಸೈಬರ್ ಸೆಂಟರಿನಲ್ಲಿ ಕೂತು ಮಾಡಿಸಬಹುದು. ಫಲಿತಾಂಶ ಬಂದ ಪರದೆಯ ಫೋಟೊ ತೆಗೆದಿಡಿ, ಅದೇ ಮುಂದೆ ಸಾಕ್ಷ್ಯ.

ಒಂದು ಮಾತು: 32 ಜಿಬಿ ಕಾರ್ಡು ಕಂಪ್ಯೂಟರಿನಲ್ಲಿ 29.8 ಎಂದು ತೋರಿದರೆ ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರು 1024ರ ಲೆಕ್ಕ. ಹಾಗೆಯೇ ಹಳೆಯ ಪ್ಲೇಯರುಗಳು ಹಲವು 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡನ್ನಷ್ಟೇ ಓದುತ್ತವೆ. ಅದಕ್ಕೆ 64 ಹಾಕಿ ಓದಲಿಲ್ಲವೆಂದರೆ ದೋಷ ಕಾರ್ಡಿನದಲ್ಲ. ವೇಗದ ಅಂಕಿಗಳಿಗೆ ಹೆಚ್ಚು ದುಡ್ಡು ಸುರಿಯುವುದೂ ದಂಡ. ಉತ್ತಮ ಗುಣಮಟ್ಟದ ಎಂಪಿ3 ಹಾಡಿಗೆ ಸೆಕೆಂಡಿಗೆ ಸುಮಾರು 40 ಕಿಲೋಬೈಟ್ ಸಾಕು, ಕ್ಲಾಸ್ 10 ಕಾರ್ಡು 10 ಮೆಗಾಬೈಟ್ ಕೊಡುತ್ತದೆ.

ಬಿಲ್ಲು ಕೊಡದಿರುವುದೂ ಅದೇ ಸೆಕ್ಷನ್ 2(47)ರಡಿ ತಪ್ಪು. "ಇಷ್ಟಕ್ಕೆಲ್ಲ ಬಿಲ್ಲಾ" ಎನ್ನುವ ಅಂಗಡಿಯಲ್ಲಿ ಕೊಳ್ಳದಿರುವುದೇ ಮೇಲು. ಪೊಟ್ಟಣದ ಹಿಂಬದಿಯನ್ನೂ ಓದಿ. ತಯಾರಕ ಅಥವಾ ಆಮದುದಾರನ ಹೆಸರು ವಿಳಾಸ, ತಯಾರಾದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿನ ದೂರವಾಣಿ ಇರಲೇಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಹೇಳುತ್ತವೆ. ಹೊರದೇಶದ ಮಾಲಾದರೆ ಆ ದೇಶದ ಹೆಸರೂ ಇರಬೇಕು. ಹಂಪಿಯಂಥ ಪ್ರವಾಸಿ ಜಾಗದಲ್ಲೂ ಮುದ್ರಿತ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲ. ಕೇಳಿದರೆ ದೂರು ಕಾನೂನು ಮಾಪನಶಾಸ್ತ್ರ ಇಲಾಖೆಗೆ.

"ಹಾಡು ತುಂಬಿಸಿಯೇ ಕೊಡ್ತೀವಿ" ಎಂಬ ಆಮಿಷ ನಮ್ಮೂರುಗಳಲ್ಲಿ ಇನ್ನೂ ಇದೆ. ಹಕ್ಕುದಾರರ ಅನುಮತಿಯಿಲ್ಲದೆ ದುಡ್ಡಿಗೆ ನಕಲು ಮಾಡಿಕೊಡುವುದು ಕೃತಿಸ್ವಾಮ್ಯ ಕಾಯ್ದೆ, 1957ರ ಸೆಕ್ಷನ್ 63ರಡಿ ಅಪರಾಧ. ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಇದು ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ದಾಸರ ಪದಕ್ಕೆ ಯಾರ ಹಕ್ಕು ಎಂದು ಕೇಳುವವರುಂಟು. ಪುರಂದರದಾಸರ ಪದ ಎಲ್ಲರದು, ನಿಜ. ಅದನ್ನು ಭೀಮಸೇನ ಜೋಶಿಯವರು ಹಾಡಿದ ಧ್ವನಿಮುದ್ರಣ ಹಾಗಲ್ಲ. ಮುದ್ರಣ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಅದಕ್ಕೆ ರಕ್ಷಣೆಯಿದೆ. ನಕಲು ಹಾಡಿನ ಅಂಗಡಿ ಆ ಕೆಲಸಕ್ಕೆ ಬಿಲ್ಲು ಬರೆಯುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಾರ್ಡು ನಕಲಿ ಎಂದು ಗೊತ್ತಾದರೆ ಮೊದಲು ಅಂಗಡಿಗೆ ಲಿಖಿತವಾಗಿ ತಿಳಿಸಿ, ವಾಟ್ಸ್ಆ್ಯಪ್ ಸಂದೇಶವಾದರೂ ಸರಿ. ಆನ್‌ಲೈನ್ ಖರೀದಿಯಾದರೆ ಮಾರಾಟ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಅಲ್ಲೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎಷ್ಟೋ ಸಣ್ಣ ಮೊತ್ತದ ತಕರಾರು ಇಲ್ಲಿಗೇ ಮುಗಿಯಬಹುದು.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದ ಮೇಲೆ ಹೊಸಪೇಟೆ, ಹಂಪಿ ವಿಜಯನಗರಕ್ಕೆ ಸೇರಿದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿಯವರು ಹೊಸಪೇಟೆಯಲ್ಲಿ ಕೊಂಡರೆ ಎಲ್ಲಿಗೆ ಹೋಗಬೇಕು ಎಂಬ ಗೊಂದಲ ಬೇಡ. ಗ್ರಾಹಕರ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 34ರಂತೆ ನೀವು ವಾಸವಿರುವ ಅಥವಾ ದುಡಿಯುವ ಜಾಗದ ಆಯೋಗದಲ್ಲೇ ದೂರಬಹುದು. ಹಂಪಿಯಲ್ಲಿ ಮೋಸಹೋದ ಮಂಗಳೂರಿನವರು ಮಂಗಳೂರಿನಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಗಡುವು 2 ವರ್ಷ. ಪ್ರಯೋಗಾಲಯದ ಪರೀಕ್ಷೆ ಬೇಕೆಂದು ಆಯೋಗಕ್ಕೆ ಅನಿಸಿದರೆ ಅದರ ಶುಲ್ಕವನ್ನು ನಿಮ್ಮಿಂದಲೇ ಕಟ್ಟಿಸಬಹುದು. ಐನೂರರ ಕಾರ್ಡಿಗೆ ಅದು ಭಾರ, ಮೊದಲ ದಿನದ ಪರೀಕ್ಷೆಯ ಫೋಟೊ ಬೆಲೆ ಗೊತ್ತಾಗುವುದು ಆಗ. ನೆರವು ಬೇಕಾದ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಆದಾಯ ಎಷ್ಟೇ ಇರಲಿ, 15100ಕ್ಕೆ ಕರೆ ಮಾಡಿ ಉಚಿತ ಕಾನೂನು ಸೇವೆ ಕೇಳಬಹುದು.

ಮದುವೆಗೆ ಸೌಂಡ್ ಸಿಸ್ಟಂ ಹಾಕುವವರು "ನಾನು ವ್ಯಾಪಾರಕ್ಕೆ ಕೊಂಡೆ, ಗ್ರಾಹಕನಲ್ಲ" ಎಂದು ಹಿಂಜರಿಯಬೇಕಿಲ್ಲ. ಸ್ವಯಂ ಉದ್ಯೋಗದ ಜೀವನೋಪಾಯಕ್ಕಾಗಿ ಕೊಂಡವರನ್ನೂ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಆದರೆ ತಾಂಡಾದ ಅಜ್ಜಿ ಹಾಡಿದ ಲಂಬಾಣಿ ಪದ ಒಂದೇ ಕಾರ್ಡಿನಲ್ಲಿದ್ದು ಅಳಿಸಿಹೋದರೆ, ಕಂಪನಿಯ ವಾರಂಟಿ ಸಾಮಾನ್ಯವಾಗಿ ಕಾರ್ಡಿಗಷ್ಟೇ, ಒಳಗಿದ್ದ ದನಿಗಲ್ಲ. ಅಂಥದ್ದರ ಇನ್ನೊಂದು ಪ್ರತಿ ಬೇರೆಡೆ ಇಡಿ.